ಚುಕ್ಕಿಯಿಡುವವಳಿಗೆ ಗಣಿತ ಬಾರದೆ?

ಗಣಿತಕ್ಕೂ ಚಿತ್ರಕಲೆಗೂ ಇರುವ ಸಂಬಂಧವನ್ನು ಕುರಿತು ಮಾತನಾಡುವವರ ಸಂಖ್ಯೆ ಈಚೆಗೆ ಬಹಳ ಬೆಳೆದಿದೆ. ಬೆಳೆದಿರುವುದು ಮಾತು, ಆ ಸಂಬಂಧ ಎಲ್ಲಿದೆ ಎಂಬ ತಿಳಿವು ಬೆಳೆದಂತೆ ಕಾಣುವುದಿಲ್ಲ. ಕಳೆದ ಒಂದು ತಿಂಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಮೂವರು, ಬಂಧುಗಳಲ್ಲಿ ಇಬ್ಬರು ಒಂದೇ ವಿಡಿಯೋವನ್ನು ನನಗೆ ವಾಟ್ಸಾಪಿನಲ್ಲಿ ಕಳುಹಿಸಿದ್ದಾರೆ. ಶಂಖದಂತೆ ಸುರುಳಿಗೊಂಡ ಒಂದು ಹಳದಿ ಗೆರೆ ಅದರಲ್ಲಿ ತೇಲಿ ಬರುತ್ತದೆ. ಮೊದಲು ಮೊನಾಲಿಸಾಳ ಮುಖದ ಮೇಲೆ ಕೂರುತ್ತದೆ, ಆಮೇಲೆ ಸೂರ್ಯಕಾಂತಿಯ ಮೇಲೆ, ಆಮೇಲೆ ಸೋಮನಾಥಪುರದ ದೇವಾಲಯದ ಮೇಲೆ, ಯಾರದೋ ಮನೆಯಂಗಳದ ರಂಗೋಲಿಯ ಮೇಲೆ, ಕಡೆಗೆ ಅಮೆರಿಕದ ಒಂದು ನವ್ಯ ಚಿತ್ರದ ಮೇಲೆ. ಎಲ್ಲದರೊಳಗೂ ೧.೬೧೮ ಎಂಬ ಒಂದೇ ಸಂಖ್ಯೆ ಅಡಗಿದೆಯಂತೆ. ನಮ್ಮ ಪೂರ್ವಿಕರಿಗೆ ಅದು ಗೊತ್ತಿತ್ತಂತೆ. “ಸಾ, ನೀವು ನೋಡ್ಲೇಬೇಕು” ಎಂಬ ಒಕ್ಕಣೆ ಬೇರೆ. ನೋಡಿದೆ. ಕಳುಹಿಸಿದವರ ಪ್ರೀತಿಗೆ ನಾನು ಋಣಿ. ಆದರೆ ನನ್ನಲ್ಲಿ ಗಣಿತ ಕಲಿತವರು ಇದನ್ನು ಅಳೆದು ನೋಡದೆ ಮುಂದಕ್ಕೆ ದಾಟಿಸಿದರಲ್ಲ, ಅದಕ್ಕೆ ಉತ್ತರ ಬರೆಯಲೇಬೇಕಾಗಿದೆ.

ಸುವರ್ಣ ಅನುಪಾತವೆಂಬುದು ಸುಳ್ಳಲ್ಲ. ಒಂದು ಗೆರೆಯನ್ನು ಎರಡಾಗಿ ತುಂಡು ಮಾಡುವಾಗ ಇಡೀ ಗೆರೆಗೂ ದೊಡ್ಡ ತುಂಡಿಗೂ ಇರುವ ಅನುಪಾತವೇ ದೊಡ್ಡ ತುಂಡಿಗೂ ಚಿಕ್ಕ ತುಂಡಿಗೂ ಇರಬೇಕೆಂದರೆ ಆ ಅನುಪಾತ ೧.೬೧೮ರಷ್ಟಾಗುತ್ತದೆ. ಯೂಕ್ಲಿಡ್ ಇದನ್ನು ಬಲ್ಲ; ಅವನು ಇದಕ್ಕೆ ಚಿನ್ನದ ಹೆಸರಿಡಲಿಲ್ಲ. ಆ ಹೆಸರು ೧೮೩೫ರಲ್ಲಿ ಜರ್ಮನಿಯ ಮಾರ್ಟಿನ್ ಓಮ್ ಎಂಬ ಗಣಿತಜ್ಞರ ಪುಸ್ತಕದಲ್ಲಿ ಕಾಣಿಸಿಕೊಂಡಿತು. (ವಿದ್ಯುತ್ ರೋಧದ ನಿಯಮವನ್ನು ನೀವು ಬಾಯಿಪಾಠ ಮಾಡಿದ್ದೀರಲ್ಲ, ಆ ಓಮ್ ಅವರ ತಮ್ಮ ಇವರು.) ಇದು ಸಕಲ ಸೌಂದರ್ಯದ ಸೂತ್ರವೆಂಬ ವಾದವನ್ನು ೧೮೫೪ರಲ್ಲಿ ಜೈಸಿಂಗ್ ಎಂಬ ಇನ್ನೊಬ್ಬ ಜರ್ಮನ್ ವಿದ್ವಾಂಸರು ಹರಡಿದರು. ಅಂದರೆ ‘ಸನಾತನ ರಹಸ್ಯ’ಕ್ಕೆ ಇನ್ನೂ ಇನ್ನೂರು ವರ್ಷ ತುಂಬಿಲ್ಲ. ೧೯೯೨ರಲ್ಲಿ ಜಾರ್ಜ್ ಮಾರ್ಕೋವ್ಸ್ಕಿ ಎಂಬ ಗಣಿತಜ್ಞರು ಪಾರ್ಥೆನಾನ್ ಮೊದಲಾದವುಗಳ ಮೇಲೆ ಹೇರಿದ ಇಂತಹ ಹೇಳಿಕೆಗಳನ್ನು ಒಂದೊಂದಾಗಿ ತೆಗೆದುಕೊಂಡು, ಎಲ್ಲಿಂದ ಎಲ್ಲಿಗೆ ಅಳೆಯಬೇಕೆಂಬುದನ್ನು ಹೇಳುವವನೇ ತನ್ನ ಅನುಕೂಲಕ್ಕೆ ಆರಿಸಿಕೊಳ್ಳುತ್ತಾನೆಂದು ತೋರಿಸಿಕೊಟ್ಟರು. ಗೆರೆ ದಪ್ಪಗಿದ್ದರೆ ಯಾವ ಅನುಪಾತ ಬೇಕಾದರೂ ಅದರ ಕೆಳಗೆ ಅಡಗಿಕೊಳ್ಳುತ್ತದೆ.

ಇನ್ನು ನಮ್ಮ ಚುಕ್ಕಿ ರಂಗೋಲಿಯ ವಿಷಯ. ಇಲ್ಲಿ ನಾನು ಅಭಿಪ್ರಾಯ ಹೇಳುತ್ತಿಲ್ಲ, ಸಾಧನೆ ಕೊಡುತ್ತೇನೆ. ಸುವರ್ಣ ಅನುಪಾತದ ಸಹಜವಾದ ಮನೆ ನಿಯಮಿತ ಪಂಚಭುಜ: ಅದರ ಕರ್ಣವನ್ನು ಬಾಹುವಿನಿಂದ ಭಾಗಿಸಿದರೆ ಸಿಗುವುದೇ ಆ ಸಂಖ್ಯೆ. ಐದು ಮೂಲೆಗಳೂ ಚುಕ್ಕಿಯ ಮೇಲೆಯೇ ಬರುವಂತೆ ನಿಯಮಿತ ಪಂಚಭುಜವೊಂದನ್ನು ರಂಗೋಲಿಯಲ್ಲಿ ಬರೆಯಬಹುದೆ? ಬರೆಯಬಹುದೆಂದೇ ಇಟ್ಟುಕೊಳ್ಳೋಣ. ಅಕ್ಕಪಕ್ಕದ ಮೂರು ಮೂಲೆಗಳನ್ನು ಹಿಡಿದು ಒಂದು ಸಮಾಂತರ ಚತುರ್ಭುಜವನ್ನು ಪೂರ್ಣಗೊಳಿಸಿ. ಚುಕ್ಕಿಗಳು ಒಂದೇ ಅಂತರದಲ್ಲಿ ಹರಡಿರುವುದರಿಂದ ನಾಲ್ಕನೆಯ ಮೂಲೆಯೂ ಚುಕ್ಕಿಯ ಮೇಲೆಯೇ ಬೀಳಬೇಕು. ಐದು ಕಡೆಯೂ ಹೀಗೆ ಮಾಡಿದರೆ ಒಳಗೆ ಐದು ಚುಕ್ಕಿಗಳು ದೊರೆಯುತ್ತವೆ. ಅವು ಕರ್ಣಗಳು ಒಂದನ್ನೊಂದು ಕತ್ತರಿಸುವ ಜಾಗಗಳೇ. ಅವುಗಳನ್ನು ಸೇರಿಸಿದರೆ ತಲೆಕೆಳಗಾದ ಇನ್ನೊಂದು ನಿಯಮಿತ ಪಂಚಭುಜ, ಮೊದಲಿನದಕ್ಕಿಂತ ಚಿಕ್ಕದು, ಮೂಲೆಗಳೆಲ್ಲ ಚುಕ್ಕಿಯ ಮೇಲೆಯೇ. ಅದರೊಳಗೆ ಮತ್ತೊಂದು, ಅದರೊಳಗೆ ಮಗದೊಂದು. ಹೀಗೆ ಕಿರಿದಾಗುತ್ತ ಹೋದರೆ ಎರಡು ಚುಕ್ಕಿಗಳ ನಡುವಿನ ಅಂತರ ನಾವು ಮೊದಲು ಇಟ್ಟ ಅಂತರಕ್ಕಿಂತ ಕಡಿಮೆಯಾಗಿಬಿಡಬೇಕು. ಅದು ಆಗದ ಮಾತು. ಆದ್ದರಿಂದ ಚುಕ್ಕಿಯ ಮೇಲೆ ನಿಯಮಿತ ಪಂಚಭುಜ ಅಸಾಧ್ಯ. ಐದು ದಳದ ಹೂವನ್ನು ಚುಕ್ಕಿಯಿಟ್ಟು ಬರೆಯಹೊರಟವರಿಗೆ ಒಂದು ದಳ ಸದಾ ಸೊಟ್ಟಗಾಗುವುದು ಕೈಯ ದೋಷದಿಂದಲ್ಲ. (ಎಂಟು ದಳದ ಪದ್ಮವೂ ಕರಾರುವಾಕ್ಕಾಗಿ ಸಮನಾಗಿರುವುದಿಲ್ಲ, ನಾಲ್ಕರ ಸಮಮಿತಿಯಲ್ಲಿ ಅದು ಹೇಗೋ ಸುಧಾರಿಸಿಕೊಳ್ಳುತ್ತದೆ.) ಹದಿನೈದರಿಂದ ಎಂಟರವರೆಗಿನ ಸಂದು ಚುಕ್ಕಿಯಲ್ಲಿ ನೆರೆಯ ಮೂರು ಚುಕ್ಕಿಗಳು ಸಮಬಾಹು ತ್ರಿಭುಜವಾಗುತ್ತವೆ, ಅಲ್ಲಿ ಅಡಗಿರುವುದು ಮೂರರ ವರ್ಗಮೂಲ. ಸೋಮನಾಥಪುರದಲ್ಲಿ ೧೨೬೮ರಲ್ಲಿ ಕಟ್ಟಿದ ಕೇಶವ ದೇವಾಲಯದ ವಿಮಾನಗಳ ತಳವಿನ್ಯಾಸ ಹದಿನಾರು ಮೂಲೆಯ ನಕ್ಷತ್ರ. ಒಂದೇ ಚೌಕವನ್ನು ಅದರ ಕೇಂದ್ರದ ಸುತ್ತ ಇಪ್ಪತ್ತೆರಡೂವರೆ ಡಿಗ್ರಿಯಂತೆ ತಿರುಗಿಸುತ್ತ ನಾಲ್ಕು ಸಲ ಇಟ್ಟರೆ ಅಂತಹ ನಕ್ಷತ್ರ ಬರುತ್ತದೆ. ಹಗ್ಗವೂ ಗೂಟವೂ ಇದ್ದರೆ ನೆಲದ ಮೇಲೆ ಬರೆದು ನೋಡಬಹುದಾದ ರಚನೆ ಇದು. ಹಳದಿ ಸುರುಳಿಗೆ ಅಲ್ಲೇನು ಕೆಲಸ? ಇಷ್ಟು ಸೊಗಸಾದ ನಿಜ ಕಣ್ಣೆದುರಿಗಿರುವಾಗ ಸುಳ್ಳನ್ನು ಹೊದಿಸುವುದು ಪೂರ್ವಿಕರಿಗೆ ಮಾಡುವ ಗೌರವವಲ್ಲ.

ನವ್ಯ ಚಿತ್ರಗಳ ಮೇಲೆಯೂ ಇದೇ ಆಟ ನಡೆದಿದೆ, ಅದೂ ದೊಡ್ಡ ದೊಡ್ಡ ಪತ್ರಿಕೆಗಳಲ್ಲಿ. ಜಾಕ್ಸನ್ ಪೊಲಾಕ್ ಎಂಬ ಅಮೆರಿಕದ ಚಿತ್ರಕಾರರು ಕ್ಯಾನ್‌ವಾಸನ್ನು ನೆಲಕ್ಕೆ ಹಾಸಿ ಅದರ ಮೇಲೆ ಬಣ್ಣವನ್ನು ಸುರಿದು, ತೊಟ್ಟಿಕ್ಕಿಸಿ ಚಿತ್ರ ಬಿಡಿಸುತ್ತಿದ್ದರು. ಆ ಚಿತ್ರಗಳಲ್ಲಿ ‘ಫ್ರ್ಯಾಕ್ಟಲ್’ ವಿನ್ಯಾಸವಿದೆ, ಅಂದರೆ ದೂರದಿಂದ ನೋಡಿದರೂ ಹತ್ತಿರದಿಂದ ನೋಡಿದರೂ ಒಂದೇ ಬಗೆಯ ಜಟಿಲತೆ ಮರುಕಳಿಸುತ್ತದೆ ಎಂದು ರಿಚರ್ಡ್ ಟೇಲರ್ ಮತ್ತು ಸಂಗಡಿಗರು ೧೯೯೯ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ೨೦೦೬ರಲ್ಲಿ ಅದೇ ಪತ್ರಿಕೆಯಲ್ಲಿ ಜೋನ್ಸ್-ಸ್ಮಿತ್ ಮತ್ತು ಮಾಥುರ್ ಎಂಬಿಬ್ಬರು, ಕೈಗೆ ಬಂದಂತೆ ಗೀಚಿದ ನಕ್ಷತ್ರಗಳ ಚಿತ್ರವೂ ಆ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆಂದು ತೋರಿಸಿದರು. ವಾದ ಅಲ್ಲಿಗೆ ಮುಗಿಯಲಿಲ್ಲ, ಇರಲಿ. ಪೊಲಾಕರ ಚಿತ್ರಗಳ ಬೆಲೆ ಈ ಪರೀಕ್ಷೆಯ ಅಂಕಪಟ್ಟಿಯಿಂದ ಏರುವುದೂ ಇಲ್ಲ, ಇಳಿಯುವುದೂ ಇಲ್ಲ.

ನಮ್ಮ ಪಕ್ಕದ ಉದಾಹರಣೆಯನ್ನೇ ನೋಡಿ. ಮದರಾಸಿನ ಕೆ.ಸಿ.ಎಸ್. ಪಣಿಕ್ಕರ್ ೧೯೬೩ರ ಸುಮಾರಿಗೆ ‘ಪದಗಳು ಮತ್ತು ಸಂಕೇತಗಳು’ ಎಂಬ ಚಿತ್ರಮಾಲೆಯನ್ನು ಆರಂಭಿಸಿದರು. ಗಣಿತದ ಚಿಹ್ನೆಗಳು, ಅಂಕಿಗಳು, ಅಕ್ಷರದಂತಿರುವ ಗೀಟುಗಳು ಅವುಗಳ ತುಂಬ ಇವೆ. ನಮ್ಮ ಮೈಸೂರಿನ ಎಸ್.ಜಿ. ವಾಸುದೇವ್ ಮೊದಲಾದವರು ಸೇರಿ ಬೆಳೆದ ಚೋಳಮಂಡಲ ಕಲಾಗ್ರಾಮವನ್ನು ೧೯೬೬ರಲ್ಲಿ ಕಟ್ಟಿದ ಹಿರಿಯರು ಅವರು. ಅವರ ಚಿತ್ರಗಳು ನನಗೆ ಇಷ್ಟ. ಆದರೆ ಅವುಗಳಲ್ಲಿರುವುದು ಗಣಿತದ ಮುಖ, ಗಣಿತವಲ್ಲ. ಆ ಸಮೀಕರಣಗಳನ್ನು ಬಿಡಿಸಲು ಬರುವುದಿಲ್ಲ, ಬಿಡಿಸಬೇಕೆಂದು ಅವರು ಬರೆದದ್ದೂ ಅಲ್ಲ. ಅಂಕಿ ಕಂಡಲ್ಲೆಲ್ಲ ಗಣಿತವಿದೆ ಎನ್ನುವವರು ಈ ವ್ಯತ್ಯಾಸವನ್ನು ಗಮನಿಸಬೇಕು.

ನನ್ನ ವಾದ ಇಷ್ಟೇ: ಒಂದು ಕೃತಿಯಲ್ಲಿ ಗಣಿತವಿದೆಯೆಂದರೆ ಅದನ್ನು ಮಾಡುವ ಕ್ರಮದಲ್ಲಿ ಇರಬೇಕು. ಕ್ರಮ ಬದಲಾದರೆ ಕೃತಿಯೂ ಬದಲಾಗಬೇಕು. ಆ ಕ್ರಮವನ್ನು ಹೇಳಿಕೊಟ್ಟರೆ ಇನ್ನೊಬ್ಬರಿಂದಲೂ ಅದೇ ಕೃತಿ ಹೊರಬರಬೇಕು. ಮಾಡಿ ಮುಗಿಸಿದ ಮೇಲೆ ಮೇಲಿನಿಂದ ಇಳಿಬಿಡುವ ಸುರುಳಿ ಗಣಿತವಲ್ಲ, ಕಣಿ ಹೇಳುವುದು.

ಈ ಒರೆಗಲ್ಲಿಗೆ ನಮ್ಮ ಅಂಗಳದ ರಂಗೋಲಿಯನ್ನು ತಿಕ್ಕಿ ನೋಡೋಣ. ಚುಕ್ಕಿಗಳನ್ನು ಮುಟ್ಟದೆ ಅವುಗಳ ಸುತ್ತ ಬಳಸಿಕೊಂಡು ಹೋಗಿ ಹೊರಟಲ್ಲಿಗೇ ಬಂದು ಸೇರುವ ಎಳೆಯ ರಂಗೋಲಿಯನ್ನು ನೀವೆಲ್ಲ ಕಂಡಿದ್ದೀರಿ; ತಮಿಳರು ಕೋಲಂ ಎಂದು ಕರೆಯುವ ಬಗೆ. ಆಯತಾಕಾರದಲ್ಲಿ ಚುಕ್ಕಿಯಿಟ್ಟು, ಎಳೆಯನ್ನು ಓರೆಯಾಗಿ ಓಡಿಸಿ, ಅಂಚು ಬಂದಾಗ ಕ್ಯಾರಂ ಕಾಯಿಯಂತೆ ತಿರುಗಿಸುತ್ತ ಹೋಗಿ. ಮೂರು ಸಾಲು, ನಾಲ್ಕು ಕಂಬ ಇದ್ದರೆ ಕೈ ಎತ್ತದೆ ಒಂದೇ ಎಳೆಯಲ್ಲಿ ಎಲ್ಲ ಚುಕ್ಕಿಗಳೂ ಸುತ್ತುವರಿಯಲ್ಪಡುತ್ತವೆ. ನಾಲ್ಕು ಸಾಲು, ಆರು ಕಂಬವಾದರೆ ಒಂದೆಳೆಯಲ್ಲಿ ಮುಗಿಯುವುದಿಲ್ಲ, ಎರಡು ಬೇಕು. ಮೂರಕ್ಕೆ ಮೂರಾದರೆ ಮೂರು. ಐದಕ್ಕೆ ಆರಾದರೆ ಮತ್ತೆ ಒಂದೇ. ಎಷ್ಟು ಎಳೆ ಬೇಕೆಂಬುದು ಸಾಲು ಮತ್ತು ಕಂಬಗಳ ಮಹತ್ತಮ ಸಾಮಾನ್ಯ ಅಪವರ್ತನ. ಹೌದು, ಪರೀಕ್ಷೆಯ ಹಿಂದಿನ ರಾತ್ರಿ ನೀವು ಶಪಿಸುತ್ತಿದ್ದ ಅದೇ ಮ.ಸಾ.ಅ.! ಕಾರಣವೂ ಕಷ್ಟವಲ್ಲ. ಓರೆಯಾಗಿ ಓಡುವ ಎಳೆ ಉದ್ದ ಅಗಲ ಎರಡರ ಲೆಕ್ಕವೂ ಒಟ್ಟಿಗೆ ಕೂಡಿಬರುವವರೆಗೆ ಹೊರಟ ಜಾಗಕ್ಕೆ ಮರಳದು. ಅಂದರೆ ಅದರ ಪ್ರಯಾಣ ಲ.ಸಾ.ಅ.ದಷ್ಟು. ಒಟ್ಟು ದಾರಿ ಎರಡು ಸಂಖ್ಯೆಗಳ ಗುಣಲಬ್ಧದಷ್ಟು. ಗುಣಲಬ್ಧವನ್ನು ಲ.ಸಾ.ಅ.ದಿಂದ ಭಾಗಿಸಿದರೆ ಮ.ಸಾ.ಅ. ಉಳಿಯುತ್ತದೆ. ಇದೇ ಗಣಿತವನ್ನು ಆಫ್ರಿಕದ ಅಂಗೋಲದಲ್ಲಿ ಚೋಕ್ವೆ ಜನ ಮರಳಿನ ಮೇಲೆ ಬರೆಯುವ ಚಿತ್ರಗಳಲ್ಲಿ ಮೊಜಾಂಬಿಕ್‌ನ ಗಣಿತಜ್ಞ ಪೌಲಸ್ ಗೆರ್ಡೆಸ್ ವಿವರವಾಗಿ ಅಧ್ಯಯನ ಮಾಡಿದರು. ಮದರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೊಮನಿ, ರಾಣಿ ಸಿರೊಮನಿ ಮತ್ತು ಕಮಲಾ ಕೃತಿವಾಸನ್ ೧೯೭೪ರಲ್ಲಿಯೇ ಕೋಲಂಗಳಿಗೆ ವ್ಯಾಕರಣ ಬರೆದರು: ಭಾಷೆಗೆ ಸೂತ್ರಗಳಿರುವಂತೆ ಚಿತ್ರ ಬೆಳೆಯುವುದಕ್ಕೂ ಸೂತ್ರಗಳು. ಗಣಕಯಂತ್ರ ವಿಜ್ಞಾನದಲ್ಲಿ ಅದೊಂದು ಶಾಖೆಯಾಗಿ ಬೆಳೆಯಿತು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಬರೆಯುವ ನನ್ನ ಶಿಷ್ಯರು ಸುರುಳಿಯ ವಿಡಿಯೋದ ಬದಲು ಆ ಲೇಖನವನ್ನು ಕಳುಹಿಸಿದ್ದರೆ ನನ್ನ ವೃದ್ಧಾಪ್ಯ ಸಾರ್ಥಕವಾಗುತ್ತಿತ್ತು.

ನಮ್ಮ ಬೀಗರು ಧಾರವಾಡದ ಕಡೆಯವರು. ಅವರ ಮನೆಯ ಹೆಂಗಸರು ಕಸೂತಿ ಹಾಕುವುದನ್ನು ಕಂಡಾಗಲೂ ನನಗೆ ಇದೇ ಅನಿಸಿತು. ಗವಂತಿ ಹೊಲಿಗೆಯಲ್ಲಿ ಸೂಜಿ ಬಿಟ್ಟು ಬಿಟ್ಟು ಮುಂದೆ ಹೋಗುತ್ತದೆ, ಬಿಟ್ಟ ಜಾಗಗಳನ್ನು ತುಂಬುತ್ತ ಹಿಂದಿರುಗುತ್ತದೆ. ಬಟ್ಟೆಯ ಎರಡು ಮುಖದಲ್ಲಿಯೂ ಒಂದೇ ಚಿತ್ತಾರ. ಪ್ರತಿ ಗೆರೆಯ ಮೇಲೆಯೂ ಎರಡು ಸಲ ನಡೆಯುವುದರಿಂದ ಪ್ರತಿ ಸಂಧಿಯಲ್ಲಿಯೂ ದಾರಿಗಳ ಸಂಖ್ಯೆ ಸಮವಾಗುತ್ತದೆ. ಹಾಗಾದಾಗ ಹೊರಟಲ್ಲಿಗೆ ಮರಳುವ ನಡಿಗೆ ಇದ್ದೇ ಇರುತ್ತದೆಂಬ ತತ್ತ್ವ ಆಯ್ಲರ್ ೧೭೩೬ರಲ್ಲಿ ಏಳು ಸೇತುವೆಗಳ ಸಮಸ್ಯೆಯನ್ನು ಬಿಡಿಸಿದಾಗ ಹುಟ್ಟಿದ್ದು. ಅವರು ಎಳೆ ಎಣಿಸಿಯೇ ಹಾಕುತ್ತಾರೆ, ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳುವುದಿಲ್ಲ.

ಈಗ ಅಮೆರಿಕಕ್ಕೆ ಹೋಗೋಣ. ರಂಗೋಲಿಗೆ ಅಲ್ಲಿಯೊಬ್ಬ ನೆಂಟನಿದ್ದಾನೆ. ಸೋಲ್ ಲೆವಿಟ್ ಎಂಬ ಕಲಾವಿದರು (೧೯೨೮-೨೦೦೭) ೧೯೬೮ರಲ್ಲಿ ನ್ಯೂಯಾರ್ಕಿನ ಒಂದು ಗ್ಯಾಲರಿಯ ಗೋಡೆಯ ಮೇಲೆ ನೇರವಾಗಿ ಪೆನ್ಸಿಲ್ ಗೆರೆಗಳನ್ನು ಎಳೆದರು: ನಿಲುವು ಗೆರೆ, ಅಡ್ಡ ಗೆರೆ, ಎಡದ ಓರೆ, ಬಲದ ಓರೆ. ಪ್ರದರ್ಶನ ಮುಗಿದ ಮೇಲೆ ಅದರ ಮೇಲೆ ಸುಣ್ಣ ಬಳಿದಂತೆ ಬಣ್ಣ ಬಳಿದುಬಿಟ್ಟರು. ಆಮೇಲೆ ಅವರು ಇಂತಹ ಗೋಡೆಚಿತ್ರಗಳನ್ನು ಸಾವಿರಕ್ಕೂ ಮಿಗಿಲಾಗಿ ರಚಿಸಿದರು. ರಚಿಸಿದ್ದು ಎಂದರೆ ಬಹುಮಟ್ಟಿಗೆ ಸೂಚನೆಗಳನ್ನು ಬರೆದುಕೊಟ್ಟದ್ದು. ಗೋಡೆಯ ಮೇಲೆ ಬರೆದವರು ಬೇರೆಯವರು. ಬೇರೆ ಊರಿನಲ್ಲಿ, ಬೇರೆ ಗೋಡೆಯ ಮೇಲೆ, ಬೇರೆ ಕೈಗಳು ಅದೇ ಸೂಚನೆಯಿಂದ ಮತ್ತೆ ಬರೆಯಬಹುದು. ನಾಲ್ಕು ದಿಕ್ಕಿನ ಗೆರೆಗಳನ್ನು ಒಂದೊಂದಾಗಿ, ಎರಡೆರಡಾಗಿ, ಮೂರು ಮೂರಾಗಿ, ನಾಲ್ಕನ್ನೂ ಒಟ್ಟಾಗಿ ತೆಗೆದುಕೊಂಡರೆ ೪, ೬, ೪, ೧, ಒಟ್ಟು ೧೫ ವಿನ್ಯಾಸಗಳು. ಇಂತಹ ಲೆಕ್ಕವೇ ಅವರ ಕಲೆಯ ಬೆನ್ನೆಲುಬು. ೧೯೭೪ರಲ್ಲಿ ಅವರು ಘನದ ಹನ್ನೆರಡು ಅಂಚುಗಳಲ್ಲಿ ಕೆಲವನ್ನು ಬಿಟ್ಟು, ಉಳಿದದ್ದು ಬಿಡಿಬಿಡಿಯಾಗದಂತೆ, ಒಂದನ್ನು ತಿರುಗಿಸಿದರೆ ಇನ್ನೊಂದು ಬರದಂತೆ ಎಷ್ಟು ‘ಅಪೂರ್ಣ ಘನ’ಗಳಾಗುತ್ತವೆಂದು ಹುಡುಕಿ ೧೨೨ ರೂಪಗಳನ್ನು ಪ್ರದರ್ಶಿಸಿದರು.

ಸೂಚನೆ ಒಂದು, ಕೈ ಹಲವು. ಬರೆದದ್ದು ಅಳಿಯುತ್ತದೆ, ಕ್ರಮ ಉಳಿಯುತ್ತದೆ. “ಹದಿನೈದು ಚುಕ್ಕಿ, ಎಂಟರವರೆಗೆ ಸಂದು” ಎಂದು ಅತ್ತೆ ಸೊಸೆಗೆ ಹೇಳುವುದೂ ಇದೇ ಅಲ್ಲವೆ? ಲೆವಿಟ್ಟರ ಸೂಚನೆಗಳು ವಸ್ತುಸಂಗ್ರಹಾಲಯದಲ್ಲಿವೆ. ನಮ್ಮ ಸೂಚನೆಗಳು ಬಸ್ ನಿಲ್ದಾಣದಲ್ಲಿ ಮಾರುವ ರಂಗೋಲಿ ಪುಸ್ತಕದಲ್ಲಿವೆ. ಒಂದಕ್ಕೆ ‘ಪರಿಕಲ್ಪನಾ ಕಲೆ’ ಎಂಬ ಪಟ್ಟ, ಇನ್ನೊಂದಕ್ಕೆ ಸಂಕ್ರಾಂತಿಯ ಮಹಿಳಾ ಸ್ಪರ್ಧೆಯಲ್ಲಿ ಒಂದು ಸ್ಟೀಲ್ ಡಬ್ಬಿ. ಲೆವಿಟ್ಟರ ಚಿತ್ರವನ್ನು ನೋಡಿ “ಇದನ್ನು ನಮ್ಮ ಮನೆ ಹುಡುಗೀನೂ ಬರೀತಾಳೆ” ಎಂದು ನಗುವ ನನ್ನ ಬಂಧುಗಳಿಗೆ ನನ್ನ ಉತ್ತರ: ಖಂಡಿತ ಬರೆಯುತ್ತಾಳೆ. ನಗಬೇಕಾದ ವಿಷಯ ಅದರಲ್ಲಿ ಯಾವುದಿದೆ?

ಲೆವಿಟ್ ಸ್ವತಃ ೧೯೬೭ರಲ್ಲಿ ಬರೆದ ಪ್ರಸಿದ್ಧ ಲೇಖನವೊಂದರಲ್ಲಿ, ಈ ಬಗೆಯ ಕಲೆಗೂ ಗಣಿತಕ್ಕೂ ಹೆಚ್ಚಿನ ಸಂಬಂಧವಿಲ್ಲ, ಕಲಾವಿದರು ಬಳಸುವುದು ಸರಳ ಅಂಕಗಣಿತವಷ್ಟೇ ಎಂಬ ಅರ್ಥದ ಮಾತನ್ನು ಹೇಳಿದ್ದಾರೆ. ಅವರ ಮಾತನ್ನು ಒಪ್ಪಲಾರೆ. ‘ಸರಳ ಅಂಕಗಣಿತ’ ಎಂಬ ತಾತ್ಸಾರ ಗಣಿತವನ್ನು ದೂರದಿಂದ ನೋಡಿದವರದ್ದು. ತಿರುಗಿಸಿದಾಗ ಒಂದೇ ಆಗುವವನ್ನು ಒಂದೇ ಎಂದು ಎಣಿಸುವುದು ಪದವಿ ತರಗತಿಯಲ್ಲಿ ಕಲಿಸುವ ಗಣಿತ. ಆ ೧೨೨ನ್ನು ಅವರು ಕೈಯಲ್ಲಿ ಮಾದರಿ ಮಾಡಿ ಮಾಡಿ ಕಂಡುಕೊಂಡದ್ದರಿಂದ ಅದು ಗಣಿತವಲ್ಲವೆಂದಾಗುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಶಿಕ್ಷಕ ಮಿತ್ರರೇ ಇದನ್ನು ನನ್ನೊಡನೆ ಎತ್ತಿದ್ದಾರೆ. “ರಂಗೋಲಿ ಬಿಡಿಸುವ ಹೆಂಗಸಿಗೆ ಮ.ಸಾ.ಅ. ಎಂದರೇನೆಂದು ಗೊತ್ತಿಲ್ಲ, ಗೊತ್ತಿಲ್ಲದೆ ಮಾಡಿದ್ದು ಗಣಿತ ಹೇಗಾದೀತು?” ಎಂಬುದು ಆ ಆಕ್ಷೇಪ. ಡಚ್ ಚಿತ್ರಕಾರ ಎಷರ್ ಅವರ ಕಥೆಯನ್ನು ನೆನಪಿಸುತ್ತೇನೆ. ೧೯೫೮ರಲ್ಲಿ ಗಣಿತಜ್ಞ ಕಾಕ್ಸೆಟರ್ ತಮ್ಮ ಒಂದು ಲೇಖನವನ್ನು ಅವರಿಗೆ ಕಳುಹಿಸಿದರು. ಬರಹ ಎಷರ್ ಅವರಿಗೆ ಅರ್ಥವಾಗಲಿಲ್ಲ. ಅದರಲ್ಲಿದ್ದ ಒಂದು ಆಕೃತಿ ಅರ್ಥವಾಯಿತು. ಅದನ್ನು ಹಿಡಿದು, ವೃತ್ತದ ಅಂಚಿನ ಕಡೆಗೆ ಕಿರಿದಾಗುತ್ತ ಕೊನೆಯೇ ಇಲ್ಲದೆ ಸಾಗುವ ಮೀನುಗಳ ಚಿತ್ರವನ್ನು ೧೯೫೯ರಲ್ಲಿ ಅವರು ಕೆತ್ತಿದರು. ಎಷರ್ ೧೯೭೨ರಲ್ಲಿ ತೀರಿಕೊಂಡರು. ಕಾಕ್ಸೆಟರ್ ೧೯೭೯ರಲ್ಲಿ ಆ ಚಿತ್ರವನ್ನು ಸೂತ್ರ ಹಚ್ಚಿ ಪರಿಶೀಲಿಸಿ ಅದು ಗಣಿತದ ದೃಷ್ಟಿಯಿಂದ ಕರಾರುವಾಕ್ಕಾಗಿದೆಯೆಂದು ಪ್ರಕಟಿಸಿದರು. ಎಷರ್ ಅವರಿಗೆ ಈ ಮರ್ಯಾದೆ ಸಲ್ಲುವುದಾದರೆ ಕಾಳಮುದ್ದನದೊಡ್ಡಿಯ ಅಂಗಳದಲ್ಲಿ ಬೆಳಗಿನ ಚಳಿಯಲ್ಲಿ ಬಗ್ಗಿ ನಿಂತ ಹೆಂಗಸಿಗೆ ಏಕೆ ಸಲ್ಲಬಾರದು?

ನಾನು ಇಷ್ಟು ಗಟ್ಟಿಯಾಗಿ ಮಾತನಾಡುವುದಕ್ಕೆ ಕಾರಣ ಅಂಗಳದಲ್ಲಿಲ್ಲ, ತರಗತಿಯಲ್ಲಿದೆ. ಈ ಸೀಮೆಯ ಶಾಲೆಗಳಲ್ಲಿ ಗಣಿತ ಹೇಳಿಕೊಟ್ಟ ಅಷ್ಟೂ ವರ್ಷಗಳಲ್ಲಿ, “ನಂಗೆ ಲೆಕ್ಕ ಬರಲ್ಲ ಸಾ” ಎಂಬ ಮಾತನ್ನು ಹೆಣ್ಣುಮಕ್ಕಳಿಂದ ಕೇಳಿದಷ್ಟು ಬೇರಾವ ಮಾತನ್ನೂ ಕೇಳಲಿಲ್ಲ. ಕಬ್ಬು ಕಡಿಯುವ ಕಾಲದಲ್ಲಿ ತಾಯಿಯೊಡನೆ ಗದ್ದೆಗೆ ಹೋಗಿ ಬಂದು, ಅರ್ಧ ನಿದ್ದೆಯಲ್ಲಿ ಬೆಂಚಿನ ಮೇಲೆ ಕುಳಿತು ಹಾಗೆನ್ನುತ್ತಿದ್ದ ಮಕ್ಕಳು ಧನುರ್ಮಾಸದಲ್ಲಿ ಹದಿನೈದರ ಸಂದು ಚುಕ್ಕಿಯನ್ನು ಒಂದೂ ತಪ್ಪದಂತೆ ಇಡುತ್ತಿದ್ದರು. ನಡುವೆ ಹದಿನೈದು, ಎರಡು ಕಡೆಗೂ ಹದಿನಾಲ್ಕು, ಹದಿಮೂರು ಎಂದು ಎಂಟಕ್ಕೆ ಇಳಿದರೆ ಒಟ್ಟು ೧೬೯ ಚುಕ್ಕಿಗಳು. ಅದು ಹದಿಮೂರರ ವರ್ಗ! ಕರಿಹಲಗೆಯ ಮೇಲೆ ಅದನ್ನು ಸಮಾಂತರ ಶ್ರೇಢಿಯ ಮೊತ್ತವೆಂದು ಬರೆದು ತೋರಿಸಿದಾಗ, ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಹದಿಮೂರರಿಂದ ಏಳಕ್ಕಾದರೆ ೧೨೭ ಎಂದು ಸೂತ್ರಕ್ಕಿಂತ ಮೊದಲೇ ಹೇಳಿದ್ದಳು. ಅವಳಿಗೆ ಲೆಕ್ಕ ಬಾರದೆಂದು ಅವಳಿಗೆ ಕಲಿಸಿದವರು ಯಾರು?

ಚಿತ್ರಕಲೆಯ ಅವಧಿಯನ್ನು ಕಿತ್ತುಕೊಂಡದ್ದೂ ಗಣಿತದ ಹೆಸರಿನಲ್ಲಿಯೇ. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ; ವಾರದ ಆ ಅವಧಿಗಳನ್ನು ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕಾಗಿ ಗಣಿತದ ವಿಶೇಷ ತರಗತಿಯೆಂದು ಬದಲಾಯಿಸುವುದಾಗಿ ಸಭೆಯಲ್ಲಿ ನಿರ್ಧಾರವಾಯಿತು. ಲಾಭ ಪಡೆಯುವ ವಿಷಯದ ಶಿಕ್ಷಕನಾಗಿದ್ದೂ ನಾನು ವಿರೋಧಿಸಿದೆ. “ಚಿತ್ರ ಬರೆದು ಯಾರು ಉದ್ಧಾರ ಆಗವ್ರೆ ಮೇಷ್ಟ್ರೇ?” ಎಂಬ ನಗೆಯಲ್ಲಿ ಸಭೆ ಮುಗಿಯಿತು. ಉದ್ಧಾರದ ಮಾತು ಹಾಗಿರಲಿ, ಗಣಿತದ ಮಾತಾದರೂ ಕೇಳಿ. ಒಂದೇ ಆಕಾರದ ಬಿಲ್ಲೆಯಿಂದ ಸಂದಿಲ್ಲದೆ ನೆಲ ತುಂಬಿಸಬೇಕು, ಆದರೆ ವಿನ್ಯಾಸ ಒಂದೇ ಕ್ರಮದಲ್ಲಿ ಮರುಕಳಿಸಕೂಡದು. ಅಂತಹ ಬಿಲ್ಲೆ ಇದೆಯೆ? ಗಣಿತಜ್ಞರನ್ನು ದಶಕಗಳ ಕಾ ಲ ಕಾಡಿದ ಪ್ರಶ್ನೆಯಿದು. ಹದಿಮೂರು ಬದಿಯ, ಟೋಪಿಯಂತಿರುವ ಆ ಆಕಾರವನ್ನು ಕಂಡುಹಿಡಿದವರು ಇಂಗ್ಲೆಂಡಿನ ಡೇವಿಡ್ ಸ್ಮಿತ್, ಮುದ್ರಣದ ಕೆಲಸದಿಂದ ನಿವೃತ್ತರಾದವರು, ಕಾಗದ ಕತ್ತರಿಸಿ ಜೋಡಿಸಿ ನೋಡುತ್ತಿದ್ದವರು. ಗಣಿತಜ್ಞರೊಡನೆ ಸೇರಿ ಅದರ ಸಾಧನೆಯನ್ನು ೨೦೨೩ರ ಮಾರ್ಚಿಯಲ್ಲಿ ಅವರು ಪ್ರಕಟಿಸಿದರು. ಕಾಗದ ಕತ್ತರಿಸುವ ಅವಧಿ ನಮ್ಮ ವೇಳಾಪಟ್ಟಿಯಲ್ಲಿ ಎಲ್ಲಿದೆ?

ಅಂಗಳದಲ್ಲಿಯೂ ಕೈ ಸುಮ್ಮನಾಗುತ್ತಿದೆ. ಬಾಗಿಲ ಮುಂದೆ ಅಂಟಿಸುವ ಸ್ಟಿಕ್ಕರು, ಪುಡಿ ಉದುರಿಸಿ ಎತ್ತಿಬಿಡುವ ತೂತಿನ ತಟ್ಟೆ. ಕಾಂಕ್ರೀಟ್ ಅಂಗಳ, ಕೆಲಸದ ಅವಸರ, ಸೊಂಟನೋವು, ಎಲ್ಲ ಬಲ್ಲೆ; ಮನೆಯ ಹೆಂಗಸರು ಮಾತ್ರ ಬೆಳಗ್ಗೆ ಏಳಬೇಕೆಂದು ಉಪದೇಶಿಸುವ ಹಕ್ಕು ನನಗಿಲ್ಲ. ಗಂಡಸರೂ ಹುಡುಗರೂ ಪುಡಿ ಹಿಡಿಯಲಿ, ಬೇಡವೆಂದವರು ಯಾರು? ಸ್ಟಿಕ್ಕರಿನಲ್ಲಿ ಚಿತ್ರವಿದೆ, ಕ್ರಮವಿಲ್ಲ. ಅದರ ಮೇಲೆ ಬೇಕಾದರೆ ಆ ಹಳದಿ ಸುರುಳಿಯನ್ನು ಧಾರಾಳವಾಗಿ ಕೂರಿಸಿಕೊಳ್ಳಿ.

ನನ್ನ ಶಿಷ್ಯರಲ್ಲಿ ಈಗ ಶಿಕ್ಷಕರಾಗಿರುವವರು ಹಲವರಿದ್ದೀರಿ. ಒಂಬತ್ತನೆಯ ತರಗತಿಯವರನ್ನು ಒಂದು ಶನಿವಾರ ಜಗುಲಿಗೆ ಕರೆತಂದು, ಸೀಮೆಸುಣ್ಣ ಕೊಟ್ಟು, ಆರು ಸಾಲು ಒಂಬತ್ತು ಕಂಬ ಚುಕ್ಕಿಯಿಡಿಸಿ. ಎಷ್ಟು ಎಳೆ ಬೇಕೆಂದು ಮೊದಲು ಊಹಿಸಲಿ, ಆಮೇಲೆ ಬರೆಯಲಿ. ಮುಗಿದ ಮೇಲೆ ಮೂಲೆಯ ಒಂದು ಚುಕ್ಕಿಯನ್ನು ಅಳಿಸಿ, ಈಗೆಷ್ಟು ಎಂದು ಕೇಳಿ. ಅದಕ್ಕೆ ಸೂತ್ರ ಅವರ ಪುಸ್ತಕದಲ್ಲಿಲ್ಲ. ಯಾರು ಮೊದಲು ಉತ್ತರ ಹೇಳಿದರೆಂದು ನನಗೆ ಬರೆದು ತಿಳಿಸಿ. ಹೆಸರು ಹೇಳುವ ಮೊದಲು ಅವರ ಹಿಂದಿನ ಪರೀಕ್ಷೆಯ ಅಂಕವನ್ನೂ ನೋಡಿಕೊಳ್ಳಿ.